ಪಂಪಿನ ಬಳಿ ಇರಬೇಕಾದವರು

ಯಾರ ಮನೆಗೆ ಹೋದರೂ ಕಾಕಾ ಮೊದಲು ಹುಡುಕುತ್ತಿದ್ದುದು ಹಿತ್ತಿಲ ಬಾಗಿಲನ್ನು. ಒಳಗೆ ಕಾಲಿಟ್ಟವರೇ ಒಂದು ಸುತ್ತು ಕಣ್ಣಾಡಿಸುವರು. ಹಿಂದಿನ ಬಾಗಿಲಿಗೆ ಅಡ್ಡವಾಗಿ ಜೋಳದ ಚೀಲವೋ ಹಾಸಿಗೆಯ ಗಂಟೋ ಇದ್ದರೆ ತಾವೇ ಎಳೆದು ಪಕ್ಕಕ್ಕಿಟ್ಟು, ಆಮೇಲೆ ಬಂದು ಊಟದ ಪಂಕ್ತಿಯಲ್ಲಿ ಕೂರುವರು. ನಮ್ಮ ಅಕ್ಕನ ಮದುವೆಯಲ್ಲಿ ಹೀಗೆಯೇ ಬೀಗರ ಟ್ರಂಕನ್ನು ಎಳೆದು ಅಂಗಳಕ್ಕೆ ಹಾಕಿಬಿಟ್ಟಿದ್ದರು. ಬೀಗರು ಮುಖ ಊದಿಸಿಕೊಂಡು, "ನಮ್ಮ ಟ್ರಂಕ್ ಅಂಗಳಕ್ಕ ಯಾಕ ಬಂತ್ರಿ?" ಎಂದು ಕೇಳಿದರು.

"ಟ್ರಂಕಿಗೆ ಕಾಲಿಲ್ಲರಿ, ಅದಕ್ಕ ಮೊದಲ ಹೊರಗಿಟ್ಟೀನಿ. ನಿಮಗ ಕಾಲ ಅದಾವು, ನೀವು ಆಮ್ಯಾಲ ಬಂದ್ರೂ ನಡೀತೈತಿ" ಎಂದರು ಕಾಕಾ.

ಅವರು ಬೆಂಕಿ ಆರಿಸುವ ಗಾಡಿಯ ಡ್ರೈವರ್. ಬನಹಟ್ಟಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ಎರಡನೆಯ ಮನೆಯಲ್ಲಿ ಬಾಡಿಗೆಗಿದ್ದರು. ಓಣಿಗೆಲ್ಲ ಡ್ರೈವರ್ ಕಾಕಾ. ಕಳೆದ ಶ್ರಾವಣದಲ್ಲಿ ತೀರಿಕೊಂಡರು. ನಾನು ಮ್ಯಾಟ್ರಿಕ್ ಮುಗಿಸಿದಂದಿನಿಂದ ದಿನಚರಿ ಬರೆಯುವವಳು. ಮಳೆ ಬಂದದ್ದು, ಕರೆಂಟ್ ಹೋದದ್ದು, ನಾನು ಟೈಪ್ ಮಾಡಿದ ಪುಟಗಳು, ಎಲ್ಲವನ್ನೂ ಬರೆದಿಡುವ ಚಟ. ಕಾಕಾಗೆ ಇದೊಂದು ತಮಾಷೆ. ಕಟ್ಟೆಯ ಮೇಲೆ ಕೂತು ನನ್ನನ್ನು ಕಂಡ ಕೂಡಲೇ, "ಏನವಾ ತಂಗಿ, ಇವತ್ತ ಕಾಕಾ ಎಷ್ಟ ಸಲ ಕೆಮ್ಮಿದಾ, ಬರಕೊಂಡ್ಯಾ?" ಎನ್ನುತ್ತಿದ್ದರು. ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆಂದು ಅವರ ಹೆಂಡತಿ ಕಾಕುಗೆ ಹೇಳಿದಾಗ ಆಕೆ ಬೇಡವೆನ್ನಲಿಲ್ಲ. "ಹೆಸರೊಂದು ಹಾಕಬ್ಯಾಡವಾ. ಅವರ ಹೆಸರು ಬರದ ಕಾಗದ ಭಾಳ ಆದವು" ಎಂದಳು. ಹಾಕಿಲ್ಲ.

ಕಾಕಾ ಹುಟ್ಟಿದ್ದು ಗಲಗಲಿಯಲ್ಲಿ. ಹೊಳೆಯ ದಂಡೆಯ ಹುಡುಗ. ಕೃಷ್ಣೆ ತುಂಬಿ ಹರಿಯುವಾಗ ಈ ದಂಡೆಯಿಂದ ಧುಮುಕಿ ಆ ದಂಡೆಯಲ್ಲಿ ಏಳುತ್ತಿದ್ದರಂತೆ. ನೀರಿನೊಳಗೆ ಮುಳುಗಿ ಉಸಿರು ಹಿಡಿಯುವ ಪಂದ್ಯದಲ್ಲಿ ಅವರ ಜೊತೆ ಇಳಿಯಲು ಯಾರೂ ಒಪ್ಪುತ್ತಿರಲಿಲ್ಲ. "ಮ್ಯಾಲ ಕುಂತ ಹುಡುಗೂರು, ಸತ್ತಾ ಇವಾ ಅಂತ ನಮ್ಮವ್ವಗ ಹೇಳಾಕ ಓಡಿರ್ತಿದ್ರು. ನಾ ಆಕಿಗಿಂತ ಮೊದಲ ಮನ್ಯಾಗ ಇರ್ತಿದ್ದೆ" ಎಂದು ನಗುವರು. ನಾನು ಈ ಕಥೆ ಕೇಳಿದ್ದು ಅವರಿಗೆ ಬಸಿಯಲ್ಲಿನ ಚಹಾ ಊದಿಕೊಂಡು ಕುಡಿಯಲೂ ಉಸಿರು ಸಾಲದಾದ ಕಾಲದಲ್ಲಿ. ಬಸಿಯನ್ನು ಕಟ್ಟೆಯ ಮೇಲಿಟ್ಟು, ಆರುವ ತನಕ ಅದನ್ನೇ ನೋಡುತ್ತ ಕೂರುತ್ತಿದ್ದರು.

ನಮ್ಮ ಭಾಗದಲ್ಲಿ ಬೆಂಕಿಯ ಗಾಡಿಗೆ ಮರ್ಯಾದೆ ಕಡಿಮೆ. ಮುಧೋಳದ ಕಡೆ ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಿದೆಯೆಂದು ಹೋದರೆ ಅಷ್ಟರಲ್ಲಿ ಕಬ್ಬು ಸುಟ್ಟು ಕಡ್ಡಿಯಾಗಿರುತ್ತಿತ್ತು. ದಾರಿ ಹಾಗಿರುತ್ತಿತ್ತು, ಸುದ್ದಿ ಮುಟ್ಟುವುದೂ ತಡವಾಗುತ್ತಿತ್ತು. ಒಮ್ಮೆ ಒಬ್ಬ ಗೌಡರು ಗಾಡಿಗೆ ಅಡ್ಡ ನಿಂತು, "ಬರ್ರಿ ಬರ್ರಿ, ಬೂದಿ ತೊಳಿಯಾಕ ಬಂದ್ರ್ಯಾ?" ಎಂದರಂತೆ. ಕಾಕಾ ಕೆಳಗಿಳಿದು ಕೈಮುಗಿದು, "ಮುಂದಿನ ಸಲ ಬೆಂಕಿ ಬೀಳೂಕಿಂತ ಒಂದ ದಿನ ಮೊದಲ ಹೇಳ್ರಿ ಗೌಡ್ರ, ಬಂದು ಕಾಯ್ಕೊಂತ ಕುಂದರ್ತೇವಿ" ಎಂದರು. ಗೌಡರೇ ನಕ್ಕು ಎಲ್ಲರಿಗೂ ಮಜ್ಜಿಗೆ ಕೊಡಿಸಿದರು.

ಅವರದೊಂದು ಮಾತಿತ್ತು: "ಬೆಂಕಿ ಮುಂದ ಬಂದು ಹೊಡಿತೈತಿ. ಹೊಗಿ ಹಂಗಲ್ಲ. ಸುಮ್ಮನ ಬಂದು ಎದಿಯಾಗ ಕುಂದರ್ತೈತಿ."

ಇನ್ನು ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ಪವರ್‌ಲೂಮಿನ ಮಿಸ್ತ್ರಿ. ಓಣಿಯ ಮಗ್ಗಗಳನ್ನೆಲ್ಲ ಕಿವಿಯಿಂದಲೇ ನೋಡಿಕೊಳ್ಳುವವರು. ಊಟಕ್ಕೆ ಕೂತಾಗಲೂ ಒಂದು ಮಗ್ಗದ ಸದ್ದು ತುಸು ತಪ್ಪಿದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಬೆಂಕಿಯ ಗಾಡಿಯ ಠಾಣೆಯಲ್ಲಿ ಆಗ ಜನ ಕಡಿಮೆ. ಖಾಲಿ ಜಾಗಗಳನ್ನು ತುಂಬಿರಲಿಲ್ಲ. ನಿಯಮದ ಪ್ರಕಾರ ಡ್ರೈವರನು ಗಾಡಿಯ ಹಿಂದಿನ ಪಂಪಿನ ಹಿಡಿಕೆ ಬಿಟ್ಟು ಕದಲಬಾರದು. ಅವನು ಕದಲಿದರೆ ನೀರಿನ ಒತ್ತಡ ಇಳಿದು, ಪೈಪು ಹಿಡಿದು ಒಳಗೆ ಹೋದವರ ಕೈಯಲ್ಲಿ ನೀರಿರುವುದಿಲ್ಲ. ಆದರೆ ಒಳಗೆ ಹೋಗಲು ಜನವೇ ಸಾಲದಿದ್ದರೆ? ಅದಕ್ಕೆ ರಬಕವಿ-ಬನಹಟ್ಟಿಯಲ್ಲಿ ಒಂದು ರೂಢಿ ತಾನಾಗಿಯೇ ಬೆಳೆದಿತ್ತು. ಗಾಡಿ ಬಂದು ನಿಂತ ಕೂಡಲೇ ಯಾರಾದರೂ ಅಪ್ಪನನ್ನು ಕರೆತರುವರು. ಕಾಕಾ ಹಿಡಿಕೆಯನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಹೋಗುವರು. ಅಪ್ಪ ಕಣ್ಣು ಮುಚ್ಚಿ ಎಂಜಿನಿನ ಸದ್ದು ಕೇಳುತ್ತ ಒತ್ತಡ ಇಳಿಯದಂತೆ ಹಿಡಿದು ನಿಲ್ಲುವರು. ಠಾಣೆಯ ಸಾಹೇಬರೇ ಗಾಡಿಯಿಂದ ಇಳಿಯುವ ಮೊದಲು, "ಮಿಸ್ತ್ರಿ ಎಲ್ಲಿ? ಮಿಸ್ತ್ರಿನ್ನ ಕರೀರಿ!" ಎನ್ನುತ್ತಿದ್ದರು. ಖಂಡೇನವಮಿಗೆ ಠಾಣೆಯಲ್ಲಿ ಗಾಡಿಯ ಪೂಜೆಯಾದ ಮೇಲೆ ಒಂದು ತೆಂಗಿನಕಾಯಿ, ಅವ್ವನ ರವಿಕೆಗೆ ಒಂದು ಕುಬಸದ ಕಣ ನಮ್ಮ ಮನೆಗೂ ಬರುತ್ತಿದ್ದವು. ಅಪ್ಪ ಆ ಕಾಯನ್ನು ಒಡೆಯದೆ ದೇವರ ಮುಂದೆ ಇಡುತ್ತಿದ್ದರು. ಅಷ್ಟು ಹೆಮ್ಮೆ ಅವರಿಗೆ.

ನೂಲಿನ ಗೋದಾಮಿಗೆ ಬೆಂಕಿ ಬಿದ್ದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ನೂಲಿನ ಬೇಲುಗಳ ಹಿಂದೆ ಬಣ್ಣದ ಡ್ರಮ್ಮುಗಳಿದ್ದವು. ನಾವು ಮಾಳಿಗೆಯ ಮೇಲಿನಿಂದ ನೋಡುತ್ತಿದ್ದೆವು. ಹೊಗೆ ಮೊದಲು ಬಿಳಿಯಾಗಿ, ಆಮೇಲೆ ಹಸಿರಾಗಿ, ಕಡೆಗೆ ಇಂಥ ಬಣ್ಣವೆಂದು ಹೇಳಲಾಗದಂತೆ ಬಂತು. ಇಬ್ಬರು ಪೈಪು ಹಿಡಿದು ಒಳಗೆ ಹೋದರು. ಒಬ್ಬ ಕೆಮ್ಮುತ್ತ ಹೊರಗೆ ಓಡಿಬಂದ. ಇನ್ನೊಬ್ಬ ಬರಲಿಲ್ಲ. ಬರದೆ ಉಳಿದವನು ಠಾಣೆಗೆ ಹೊಸದಾಗಿ ಬಂದಿದ್ದ ಫೈರ್‌ಮನ್. ಇನ್ನೂ ಕಾಯಂ ಆಗಿರಲಿಲ್ಲ. ಹೋಟೆಲಿನ ಅನ್ನ ಸೇರದೆ ವಾರಕ್ಕೆರಡು ಸಲ ಕಾಕಾನ ಮನೆಯಲ್ಲೇ ರೊಟ್ಟಿ ತಿನ್ನುತ್ತಿದ್ದವನು. ಕಾಕು ಅವನನ್ನು "ತಮ್ಮಾ" ಎಂದೇ ಕರೆಯುತ್ತಿದ್ದಳು.

"ಏ ಡ್ರೈವರ್, ಮಿಸ್ತ್ರಿ ಕೈಯಾಗ ಕೊಡು! ನೀ ಒಳಗ ಹೋಗು!" ಎಂದು ಸಾಹೇಬರು ಕೂಗಿದ್ದು ಮಾಳಿಗೆಯ ಮೇಲಿದ್ದ ನಮಗೂ ಕೇಳಿಸಿತು.

ಕಾಕಾ ಹಿಡಿಕೆಯನ್ನು ಅಪ್ಪನ ಕೈಗೆ ಕೊಟ್ಟು, ತಲೆಗೆ ಸುತ್ತಿದ್ದ ವಸ್ತ್ರವನ್ನು ಬಕೆಟ್ಟಿನಲ್ಲಿ ಅದ್ದಿ ಬಾಯಿಗೆ ಕಟ್ಟಿಕೊಂಡು ಹೋದರು. ಮುಖಕ್ಕೆ ಹಾಕುವ ಸಾಧನವೊಂದು ಠಾಣೆಯಲ್ಲಿತ್ತು, ಆದರೆ ಅದು ಕೆಟ್ಟು ಕಪಾಟಿನಲ್ಲಿತ್ತು. ಬಹಳ ಹೊತ್ತಿನ ಮೇಲೆ ಹುಡುಗನ ಎರಡೂ ಕಂಕುಳಲ್ಲಿ ಕೈಹಾಕಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊರಬಂದರು. ಓಣಿಯ ಜನ ಚಪ್ಪಾಳೆ ಹೊಡೆದರು. ಆಮೇಲೆ ನಾಲ್ಕು ದಿನ ಅವರು ಉಗುಳಿದ ಕಫ ನೀಲಿಯಾಗಿತ್ತು. ಠಾಣೆಯವರು, "ಡ್ರೈವರ್ ಹೋಳಿ ಆಡ್ಯಾನ" ಎಂದು ನಕ್ಕರು. ಕಾಕಾ ಕೂಡ ನಕ್ಕರು. ಠಾಣೆಯಿಂದ ಮೇಲಕ್ಕೆ ಹೋದ ವರದಿಯಲ್ಲಿ ಯಾವಾಗಿನಂತೆ, ಡ್ರೈವರ್ ಪಂಪಿನ ಬಳಿ ಇದ್ದರು ಎಂದೇ ಬರೆದಿತ್ತು. ಹಾಗೆ ಬರೆಯುವುದೂ ರೂಢಿಯೇ. ಇಲ್ಲದಿದ್ದರೆ ಪ್ರತಿ ಬೆಂಕಿಗೂ ವಿವರಣೆ ಕೊಡಬೇಕಾಗುತ್ತಿತ್ತು.

ಒಂದು ವರ್ಷದೊಳಗೆ ಕಾಕಾಗೆ ಗಾಡಿಯ ಮೆಟ್ಟಿಲು ಹತ್ತಲು ಆಗದಾಯಿತು. ಮಿರಜಕ್ಕೆ ಹೋಗಿ ತೋರಿಸಿಕೊಂಡು ಬಂದರು. ಬಸ್ಸಿನಿಂದ ಇಳಿದವರು ನೇರವಾಗಿ ನಮ್ಮ ಮನೆಗೆ ಬಂದು, "ಮಿಸ್ತ್ರಿ, ಡಾಕ್ಟರ್ ಏನಂದಾ ಗೊತ್ತೈತೇನು? ಪುಪ್ಪುಸ ಗಂಜಿ ಹಾಕಿದ ಬಟ್ಟಿಯಂಗ ಬಿರುಸ ಆಗೇತಂತ. ನಿಮ್ಮೂರ ಬೆಂಕಿ ನೋಡು, ಗಂಜಿ ಹಾಕದ ಬಿಡ್ತೈತೇನು!" ಎಂದರು. ಅಪ್ಪ ನಗಲಿಲ್ಲ. ಅವ್ವ ಒಳಗೆ ಹೋದಳು.

ಆಗ ನಾನು ರಬಕವಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಹೊರಗಿನ ಅರ್ಜಿಗಳನ್ನೂ ಟೈಪ್ ಮಾಡಿಕೊಡುತ್ತಿದ್ದೆ. ಕಾಕಾನ ಅರ್ಜಿ ನನ್ನ ಬಳಿಗೇ ಬಂತು. ವಿಷಯ ಸರಳವಾಗಿತ್ತು. ರೋಗ ಕರ್ತವ್ಯದ ಮೇಲೆ ಬಂದದ್ದು ಎಂದು ಇಲಾಖೆ ಒಪ್ಪಿದರೆ ಬದುಕಿರುವ ತನಕ ಗಾಯದ ಪಿಂಚಣಿ, ಔಷಧಿಯ ಖರ್ಚು, ಆಮೇಲೆ ಕಾಕುಗೂ ಒಂದು ಆಧಾರ. ಒಪ್ಪದಿದ್ದರೆ ದೇಹ ಸರಿಯಿಲ್ಲದವನೆಂದು ಬರಿಗೈಯಲ್ಲಿ ಮನೆಗೆ ಕಳಿಸುವುದು. ಮಕ್ಕಳಿಲ್ಲದ ಮನೆ ಅದು. ಕಾಕಾ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. "ಸಾಹೇಬರ ಅಪ್ಪಣೆಯಂತೆ ಪಂಪಿನ ಹಿಡಿಕೆಯನ್ನು ಮಗ್ಗದ ಮಿಸ್ತ್ರಿಯವರ ಕೈಗೆ ಕೊಟ್ಟು ಗೋದಾಮಿನ ಒಳಗೆ ಹೋದೆನು" ಎಂಬ ಸಾಲನ್ನು ಎರಡು ಸಲ ಓದಿಸಿ ಕೇಳಿದರು.

ಅದನ್ನು ಒಯ್ದು ಸಾಹೇಬರಿಗೆ ತೋರಿಸಿದರು. ಮರುದಿನ ಮತ್ತೆ ಬಂದರು. ಮುಖ ಅರಳಿತ್ತು.

"ಸಾಹೇಬ್ರು ಭಾಳ ಛಲೋ ಮಾತಾಡಿದ್ರವಾ. ಖರೇದ್ದ ಬರಿ, ಮಿಸ್ತ್ರಿನ್ನ ಸಾಕ್ಷಿ ಹಾಕು, ನಾ ಅದೀನಲ್ಲ ಅಂದ್ರು. ಒಂದ ಮಾತ ಅಷ್ಟ ತಗೀಬೇಕಂತ. 'ಸಾಹೇಬರ ಅಪ್ಪಣೆಯಂತೆ' ಅನ್ನೂದು."

"ಅದ್ಯಾಕ ಕಾಕಾ? ಅದ ಮುಖ್ಯ ಮಾತಲ್ಲ?"

"ಶಿಫಾರಸು ಬರಿಯಾವ್ರು ಅವರ. ಅವರದ ಹೆಸರು ಒಳಗಿದ್ರ, ತಮ್ಮ ಕೆಲಸಕ್ಕ ತಾವ ಶಿಫಾರಸು ಮಾಡ್ಯಾರ ಅಂತ ಮ್ಯಾಲಿನವ್ರು ತಳ್ಳಿ ಹಾಕ್ತಾರಂತ. ಕಾಯದೆ ತಿಳದವ್ರು ಅವರು. ನೀ ತಗದು ಬಡಿ."

ಆ ಎರಡು ಪದ ತೆಗೆದು ಹೊಸದಾಗಿ ಟೈಪ್ ಮಾಡಿದೆ. ಕಾಕಾ ಅಪ್ಪನಿಗೂ ಹೇಳಿದರು: "ಮಿಸ್ತ್ರಿ, ಕೇಳಿದ್ರ ನೀ ಹಿಡಿದಿದ್ದು ಹೇಳು. ಸಾಹೇಬ್ರ ಹೆಸರು ಬಾಯಾಗ ಬರಬಾರದು."

ವಿಚಾರಣೆ ರಬಕವಿಯ ಠಾಣೆಯಲ್ಲೇ ನಡೆಯಿತು. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಕಾಕು ಒಬ್ಬಳೇ ಹೊರಗೆ ಕೂರಬಾರದೆಂದು ನಾನೂ ಹೋಗಿದ್ದೆ. ನಾವು ಪಡಸಾಲೆಯ ಬೆಂಚಿನ ಮೇಲೆ, ತೆರೆದ ಕಿಟಕಿಯ ಪಕ್ಕದಲ್ಲಿ ಕೂತಿದ್ದೆವು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಟೋಪಿ ಹಾಕಿಕೊಂಡು, ಮದುವೆಯ ಹಿರಿಯರಂತೆ ಬಂದಿದ್ದರು.

ಮೊದಲು ಆ ಫೈರ್‌ಮನ್ ಹುಡುಗನನ್ನು ಕರೆದರು. ನಿನ್ನನ್ನು ಗೋದಾಮಿನಿಂದ ಯಾರು ಹೊರಗೆ ತಂದರು ಎಂದು ಅಧಿಕಾರಿ ಕೇಳಿದರು.

"ನಾನ ಬಂದ್ನಿರಿ. ತೆವಳಿಕೊಂತ."

"ಡ್ರೈವರ್ ಒಳಗೆ ಬಂದಿದ್ದರೇ?"

"ನಾ ನೋಡಿಲ್ರಿ."

ಕಾಕು ನನ್ನ ಮೊಣಕೈ ಹಿಡಿದಳು. ಉಗುರು ನಾಟಿತು.

ಆಮೇಲೆ ಅಪ್ಪ. ಅಧಿಕಾರಿ ಬಹಳ ಸೌಮ್ಯವಾಗಿ ಕೇಳಿದರು. ಅಪ್ಪ ಅಷ್ಟೇ ಸಂತೋಷದಿಂದ ಹೇಳಿದರು. ಹೌದ್ರಿ, ನಾನ ಹಿಡಿದಿದ್ದೆ. ಅವರು ಹೊರಗ ಬರೂತನಕಾ ಹಿಡಿದಿದ್ದೆ. ಮೊದಲೂ ಹಿಡಿದೇನ್ರಿ, ಭಾಳ ಸಲ ಹಿಡಿದೇನಿ. ಒಂದ ಸಲನೂ ಒತ್ತಡ ಇಳಿದಿಲ್ಲ, ಬೇಕಾದ್ರ ಕೇಳ್ರಿ. ಅಧಿಕಾರಿ ಅದನ್ನೆಲ್ಲ ಬರೆದುಕೊಂಡು ಸಾಹೇಬರ ಕಡೆ ತಿರುಗಿದರು: "ಸರಕಾರದ ಗಾಡಿಯನ್ನು ಖಾಸಗಿಯವರ ಕೈಗೆ ಕೊಡುವುದು ನಿಮಗೆ ಗೊತ್ತಿತ್ತೇ?"

"ಇಲ್ಲರಿ. ನನಗ ಇದು ಈಗ ಗೊತ್ತಾತು" ಎಂದರು ಸಾಹೇಬರು. "ಆ ಹೊಗ್ಯಾಗ ಯಾರು ಎಲ್ಲಿದ್ರು ಅಂತ ನನಗ ಕಂಡಿಲ್ಲ."

ಅಪ್ಪ ಕುರ್ಚಿಯಿಂದ ಎದ್ದರು. "ನೀವ ಒದರಿದ್ರಲ್ರಿ! ಇಡೀ ಓಣಿ ಕೇಳೇತಿ!"

"ಅರ್ಜಿಯಲ್ಲಿ ಹಾಗೆ ಬರೆದಿಲ್ಲವಲ್ಲ" ಎಂದರು ಅಧಿಕಾರಿ. ಆಮೇಲೆ ಕಾಕಾನನ್ನು ಕೇಳಿದರು: "ನೀವೇ ಹೇಳಿ. ಹಿಡಿಕೆ ಬಿಟ್ಟು ಹೋಗಲು ಯಾರಾದರೂ ಅಪ್ಪಣೆ ಕೊಟ್ಟಿದ್ದರೇ?"

ಕಾಕಾ ಸಾಹೇಬರನ್ನು ನೋಡಿದರು. ಸಾಹೇಬರು ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡುತ್ತಿದ್ದರು. ಅವರು ಇನ್ನೂ ಶಿಫಾರಸು ಬರೆಯುತ್ತಾರೆ ಎಂಬ ನಂಬಿಕೆ ಕಾಕಾಗೆ ಆ ಗಳಿಗೆಯಲ್ಲೂ ಇತ್ತು.

"ಇಲ್ರಿ. ನಾನ ಹೋದ್ನಿ" ಎಂದರು.

ಬಸ್ಸಿನಲ್ಲಿ ಬರುವಾಗ ಅಪ್ಪ ಬೇರೆ ಸೀಟಿನಲ್ಲಿ ಕೂತರು. ಬನಹಟ್ಟಿಯಲ್ಲಿ ಇಳಿದ ಮೇಲೆ ಒಂದೇ ಮಾತು ಆಡಿದರು: "ನಾಕ ಮಂದ್ಯಾಗ ನನ್ನ ಸುಳ್ಳ ಮಾಡಿದಿ."

"ಶಿಫಾರಸು ಆಗಲಿ ಮಿಸ್ತ್ರಿ, ನಿನ್ನ ಮನಿಗೆ ಬಂದು ಕಾಲ ಹಿಡೀತೇನಿ" ಎಂದರು ಕಾಕಾ. ಅಷ್ಟು ಹೇಳಲು ಅವರಿಗೆ ಮೂರು ಸಲ ನಿಲ್ಲಬೇಕಾಯಿತು.

ಶಿಫಾರಸು ಬರಲಿಲ್ಲ, ಆದೇಶ ಬಂತು. ಓದಿ ಹೇಳಲು ಕಾಕಾ ಅದನ್ನು ನನ್ನ ಬಳಿಗೇ ತಂದರು. ಡ್ರೈವರನು ಪಂಪನ್ನು ಬಿಟ್ಟು ಹೋದದ್ದು ಅವನ ಅರ್ಜಿಯಿಂದಲೂ ಮಿಸ್ತ್ರಿಯ ಹೇಳಿಕೆಯಿಂದಲೂ ರುಜುವಾತಾಗಿದೆ. ಅವನು ಗೋದಾಮಿನ ಒಳಗೆ ಹೋದದ್ದಕ್ಕೆ ಇಲಾಖೆಯ ಯಾರ ಸಾಕ್ಷಿಯೂ ಇಲ್ಲ. ಆದ್ದರಿಂದ ರೋಗವು ಕರ್ತವ್ಯದಿಂದ ಬಂದದ್ದಲ್ಲ. ಪಂಪು ಬಿಟ್ಟ ತಪ್ಪಿಗೆ ಶಿಕ್ಷೆಯಾಗಬೇಕಿತ್ತು, ಅನಾರೋಗ್ಯವನ್ನು ನೋಡಿ ಕನಿಕರದಿಂದ ಬಿಡಲಾಗಿದೆ. ಸೇವೆಗೆ ಅನರ್ಹನೆಂದು ಬಿಡುಗಡೆ.

"ಅಂದ್ರ" ಎಂದರು ಕಾಕಾ, ನಿಧಾನವಾಗಿ ಲೆಕ್ಕ ಹಾಕುವವರಂತೆ, "ನಾ ಪಂಪಿನ ಹತ್ತಿರನೂ ಇದ್ದಿಲ್ಲ, ಒಳಗೂ ಇದ್ದಿಲ್ಲ. ಹಂಗಾರ ಎಲ್ಲಿದ್ನೆವಾ ನಾ?"

ನಾನು ಆದೇಶವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ.

ಮೇಲ್ಮನವಿ ಹಾಕೋಣ ಎಂದೆ. ಹಾಕಿದೆವು. ಈ ಸಲ ಎಲ್ಲವನ್ನೂ ಬರೆದೆವು, ಸಾಹೇಬರು ಕೂಗಿದ್ದನ್ನೂ, ಆ ಎರಡು ಪದಗಳನ್ನು ತೆಗೆಸಿದ್ದನ್ನೂ. ಮೊದಲು ಹೇಳದ ಮಾತನ್ನು ಆಮೇಲೆ ಹೇಳಿದರೆ ನಂಬಲಾಗದು ಎಂದು ಅದು ವಾಪಸು ಬಂತು. ಅಷ್ಟರಲ್ಲಿ ಸಾಹೇಬರಿಗೆ ಬಡ್ತಿಯಾಗಿ ವರ್ಗವಾಗಿತ್ತು. ಬೀಳ್ಕೊಡುಗೆಯ ಕಾರ್ಡು ಕಾಕಾಗೂ ಬಂದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮಂಚದ ಕಾಲಿನ ಕೆಳಗಿಟ್ಟರು.

ಅವರು ಸಂತರಾಗಿರಲಿಲ್ಲ. ಬೈಯುತ್ತಿದ್ದರು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಉಸಿರು ಸಿಕ್ಕಷ್ಟು ಹೊತ್ತು, ನಾನು ಇಲ್ಲಿ ಬರೆಯಲಾಗದ ಮಾತುಗಳಲ್ಲಿ ಬೈಯುತ್ತಿದ್ದರು. ಉಸಿರು ತೀರಿದಾಗ ಕಾಕು ಮುಂದುವರಿಸುತ್ತಿದ್ದಳು. ಆದರೆ ಒಂದು ದಿನ ಅವರು ಬೈದದ್ದು ನಮ್ಮ ಅಪ್ಪನನ್ನು. ರಬಕವಿಯಲ್ಲಿ ಒಂದು ಮಗ್ಗದ ಶೆಡ್ಡಿಗೆ ಬೆಂಕಿ ಹತ್ತಿದಾಗ, ಹೊಸ ಡ್ರೈವರ್ "ಮಿಸ್ತ್ರಿ, ಹಿಡೀರಿ" ಎಂದು ಕರೆದಿದ್ದ. ಅಪ್ಪ ಕೈಕಟ್ಟಿ ನಿಂತು, "ಸರಕಾರದ ಗಾಡಿ ನಾವು ಮುಟ್ಟಬಾರದಂತ್ರಿ" ಎಂದಿದ್ದರು. ಶೆಡ್ಡು ಪೂರ್ತಿ ಸುಟ್ಟಿತು. ಯಾರಿಗೂ ಏನೂ ಆಗಲಿಲ್ಲ.

ಸುದ್ದಿ ಕೇಳಿ ಕಾಕಾ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಲೇ ಮಿಸ್ತ್ರಿ, ಬೆಂಕಿಗೇನ ಗೊತ್ತೋ ಸರಕಾರ? ಒಳಗ ಒಂದ ಕೂಸಿದ್ದಿದ್ರ?"

"ಕೂಸಿದ್ದಿದ್ರ ಹಿಡೀತಿದ್ದೆ. ಆಮ್ಯಾಲ ನಿನ್ನಂಗ, ನಾ ಎಲ್ಲಿದ್ದೆ ಅಂತ ಹುಡುಕ್ಕೊಂತ ತಿರುಗ್ತಿದ್ದೆ" ಎಂದರು ಅಪ್ಪ.

ಅವ್ವ ಚಹಾ ತಂದಿಟ್ಟಳು. ಎರಡೂ ಬಸಿಗಳು ಆರಿದ ಮೇಲೆ ಇಬ್ಬರೂ ಕುಡಿದರು. ಆ ದಿನದಿಂದ ಅಪ್ಪ ಮತ್ತೆ ಸಂಜೆ ಅವರ ಕಟ್ಟೆಗೆ ಹೋಗತೊಡಗಿದರು.

ಕಡೆಯ ಎರಡು ವರ್ಷ ಕಾಕಾ ಕೂತೇ ಮಲಗಿದರು. ಔಷಧಿಗಾಗಿ ಗಲಗಲಿಯ ಹೊಲದ ಪಾಲು ಹೋಯಿತು, ಆಮೇಲೆ ಕಾಕುವಿನ ಬಳೆಗಳು. ಕಾಕು ಮನೆಯಲ್ಲೇ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಕೂತಳು. ಗಿರಕಿ ತಿರುಗಿಸುತ್ತಲೇ ಕಾಕಾನ ಬೆನ್ನು ನೀವುತ್ತಿದ್ದಳು. ತಾನು ಸತ್ತ ಮೇಲೆ ಈಕೆಯ ಗತಿ ಏನು ಎಂಬುದೊಂದನ್ನು ಬಿಟ್ಟು ಕಾಕಾ ಬೇರೆ ಮಾತಾಡುತ್ತಿರಲಿಲ್ಲ. ದಾರಿಯಲ್ಲಿ ಬೆಂಕಿಯ ಗಾಡಿಯ ಗಂಟೆ ಕೇಳಿದರೂ ತಲೆ ಎತ್ತುತ್ತಿರಲಿಲ್ಲ.

ಅವರು ಹೋದ ದಿನ ಓಣಿಯ ಮಗ್ಗಗಳನ್ನು ಮಧ್ಯಾಹ್ನದ ತನಕ ನಿಲ್ಲಿಸಿದ್ದರು. ಚಟ್ಟ ಎತ್ತುವ ಹೊತ್ತಿಗೆ ಠಾಣೆಯಿಂದ ಒಬ್ಬನೇ ಬಂದ. ಅದೇ ಫೈರ್‌ಮನ್. ಈಗ ಕಾಯಂ ಆಗಿದ್ದಾನೆ, ತೋಳಿನ ಮೇಲೆ ಪಟ್ಟಿ ಬಂದಿದೆ. ಸಮವಸ್ತ್ರದಲ್ಲೇ ಇದ್ದ. ತುಸು ಹೊತ್ತು ಬೇವಿನ ಮರದ ಬಳಿ ನಿಂತಿದ್ದು, ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಅಕ್ಕಾರ, ಅವತ್ತ ನನ್ನ ಎಳಕೊಂಡ ಬಂದಾವ್ರು ಕಾಕಾನ ರೀ."

"ಇದನ್ನ ಅಲ್ಲಿ ಹೇಳಬೇಕಿತ್ತು" ಎಂದೆ.

"ಹೇಳಿದ್ರ ನೌಕರಿ ಉಳೀತಿದ್ದಿಲ್ರಿ. ಮನ್ಯಾಗ ಇಬ್ಬರು ತಂಗೀರದಾರ." ಮುಖ ಒರೆಸಿಕೊಂಡ. ಆಮೇಲೆ ಮುಂದೆ ಹೋಗಿ, ಬಗ್ಗಿ, ಚಟ್ಟದ ಒಂದು ಬಿದಿರಿಗೆ ಕೈ ಹಾಕಿದ.

ಕಾಕು ಬಾಗಿಲಲ್ಲಿ ಹೆಂಗಸರ ನಡುವೆ ಕೂತಿದ್ದಳು. ಅಲ್ಲಿಯ ತನಕ ಅಳುತ್ತಿದ್ದವಳು ಸುಮ್ಮನಾದಳು.

"ತಮ್ಮಾ, ಕೈ ತಗಿ" ಎಂದಳು.

ಅವನು ಬಗ್ಗಿದಲ್ಲೇ ನಿಂತ.

"ಅವರು ನಿನ್ನ ಮುಟ್ಟಿಲ್ಲಂತ ನೀನ ಹೇಳೀದಿ. ನೀನೂ ಅವರನ್ನ ಮುಟ್ಟಬ್ಯಾಡ."

ಅವನು ಬಿದಿರಿನಿಂದ ಒಂದೊಂದೇ ಬೆರಳು ಬಿಡಿಸಿಕೊಂಡು ಹಿಂದೆ ಸರಿದ. ಚಟ್ಟ ಎದ್ದಿತು. ಅದರ ಜೊತೆ ನಡೆಯುತ್ತ ಓಣಿಯ ತಿರುವಿನ ತನಕ ತಿರುಗಿ ತಿರುಗಿ ನೋಡಿದೆ. ಅವನು ಟೋಪಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ಅಂಗಳದಲ್ಲಿ ನಿಂತಿದ್ದ. ಹಿಂದೆ ಬರಲಿಲ್ಲ, ಹೋಗಲೂ ಇಲ್ಲ.